ಉಪವಾಸದ ಓಟಕ್ಕೆ ನನ್ನ ತಕರಾರು

ಬೆಳಗಿನ ಜಾವ ಐದು ಗಂಟೆಗೆ ತಳಿ ರಸ್ತೆಯಲ್ಲಿ, ಕೆಲವರಪಳ್ಳಿ ಅಣೆಕಟ್ಟೆಯ ದಾರಿಯಲ್ಲಿ, ಕೃಷ್ಣಗಿರಿ ಹೆದ್ದಾರಿಯ ಅಂಚಿನಲ್ಲಿ ಓಡುವವರೂ ಸೈಕಲ್ ತುಳಿಯುವವರೂ ಹೊಸೂರಿನಲ್ಲಿ ಈಗ ಧಾರಾಳವಾಗಿ ಸಿಗುತ್ತಾರೆ. ಸಿಪ್ಕಾಟ್‌ನಲ್ಲಿ ಮೊದಲ ಪಾಳಿ ಹಿಡಿಯುವ ಮುಂಚೆ ಹತ್ತು ಕಿಲೋಮೀಟರ್ ಮುಗಿಸುವ ಫಿಟ್ಟರ್, ಪೊಲೀಸ್ ಕೆಲಸಕ್ಕೆ ಮೈ ಹದ ಮಾಡಿಕೊಳ್ಳುತ್ತಿರುವ ಡೆಂಕಣಿಕೋಟೆಯ ಹುಡುಗ, ಬೆಂಗಳೂರಿನ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟ ಬ್ಯಾಂಕಿನ ಹೆಣ್ಣುಮಗಳು. ಒಬ್ಬರ ಮನೆಯಲ್ಲಿ ಕನ್ನಡ, ಇನ್ನೊಬ್ಬರಲ್ಲಿ ತೆಲುಗು, ಮತ್ತೊಬ್ಬರಲ್ಲಿ ತಮಿಳು. ಆದರೆ ಇವರೆಲ್ಲರೂ ಕಣ್ಣುಮುಚ್ಚಿ ಒಪ್ಪುವ ಮಾತು ಒಂದಿದೆ: ಓಡುವ ಮುಂಚೆ ಹೊಟ್ಟೆಗೆ ಏನೂ ಬೀಳಬಾರದು. ತಿಂದು ಓಡಿದರೆ ತಿಂದದ್ದಷ್ಟೇ ಕರಗುತ್ತದೆ, ತಿನ್ನದೆ ಓಡಿದರೆ ಮೈಯ ಕೊಬ್ಬು ಕರಗುತ್ತದೆ ಎನ್ನುವುದು ಅದರ ಸಾರ. ಹೊಸಬನೊಬ್ಬ ಗುಂಪಿಗೆ ಸೇರಿ ಬಾಳೆಹಣ್ಣು ಸುಲಿದರೆ ಸಾಕು, "ಅಯ್ಯೋ, ತಿಂದ್ಬಿಟ್ಟು ಬಂದ್ಯಾ? ಇವತ್ತಿನ ಓಟ ದಂಡ ಬಿಡಪ್ಪಾ" ಎಂದು ಹಿರಿಯರೊಬ್ಬರ ತೀರ್ಪು ಬಂದುಬಿಡುತ್ತದೆ.

ಆ ತೀರ್ಪು ತಪ್ಪು. ದಿನಕ್ಕೆ ಅರ್ಧ ಗಂಟೆ ನಡೆಯುವವರ ಮಟ್ಟಿಗೆ ಅದು ಸರಿಯೋ ತಪ್ಪೋ ಎಂಬುದರಿಂದ ಏನೂ ಆಗಬೇಕಾದ್ದಿಲ್ಲ. ಒಂದೂವರೆ, ಎರಡು, ಮೂರು ಗಂಟೆ ಮೈ ದಣಿಸುವವರಿಗೆ ಮಾತ್ರ ಅದು ಹಾನಿ. ತೂಕ ಇಳಿಸುವವರಿಗೆ ಹೇಳಿದ ಮಾತನ್ನು ತಾಳಿಕೆ ಬೆಳೆಸಿಕೊಳ್ಳುವವರು ತಮಗೇ ಹೇಳಿದ್ದೆಂದು ತಿಳಿದುಕೊಂಡಿದ್ದಾರೆ. ಹೆಚ್ಚು ಉಂಡು ಕಡಿಮೆ ದುಡಿಯುವ ಮೈಗೆ ಬರೆದ ಔಷಧಿಯನ್ನು ಹೆಚ್ಚು ದುಡಿದು ಕಡಿಮೆ ಉಣ್ಣುವ ಮೈಗೂ ಕುಡಿಸುತ್ತಿದ್ದಾರೆ. ನನ್ನ ತಕರಾರು ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳಬೇಕು. ಏಕೆಂದರೆ ಎದುರಾಳಿಯ ವಾದದಲ್ಲಿ ಅರ್ಧ ಸತ್ಯವಿದೆ, ಅದು ಇಷ್ಟು ದಿನ ಬದುಕಿರುವುದೂ ಆ ಅರ್ಧದ ಬಲದಿಂದಲೇ.

ಮೊದಲು ಆ ಅರ್ಧವನ್ನು ಒಪ್ಪಿಕೊಳ್ಳೋಣ. ರಾತ್ರಿಯಿಡೀ ಏನೂ ತಿನ್ನದ ಮೈಯಲ್ಲಿ ಇನ್ಸುಲಿನ್ ಇಳಿದಿರುತ್ತದೆ. ಇನ್ಸುಲಿನ್ ಇಳಿದಾಗ ಕೊಬ್ಬಿನ ಕೋಶಗಳು ತಮ್ಮ ಸರಕನ್ನು ರಕ್ತಕ್ಕೆ ಸುಲಭವಾಗಿ ಬಿಟ್ಟುಕೊಡುತ್ತವೆ. ಹೀಗಾಗಿ ಖಾಲಿ ಹೊಟ್ಟೆಯಲ್ಲಿ ಹದವಾದ ವೇಗದಲ್ಲಿ ಓಡುವವನು, ತಿಂದು ಓಡುವವನಿಗಿಂತ ಆ ಒಂದು ಗಂಟೆಯಲ್ಲಿ ಹೆಚ್ಚು ಕೊಬ್ಬು ಉರಿಸುತ್ತಾನೆ. ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಅಳೆದು ನೋಡಿದ ಸಂಗತಿ ಇದು, ತಕರಾರಿಲ್ಲ.

ತಪ್ಪು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಆ ಒಂದು ಗಂಟೆಯಲ್ಲಿ ಹೆಚ್ಚು ಕೊಬ್ಬು ಉರಿಯಿತು, ಆದ್ದರಿಂದ ಸೊಂಟದ ಸುತ್ತಿನ ಕೊಬ್ಬು ಕಡಿಮೆಯಾಯಿತು ಎಂದು ಲೆಕ್ಕ ಹಾಕುತ್ತಾರಲ್ಲ, ಅಲ್ಲಿ. ದಿನಕ್ಕೆ ಒಂದು ಗಂಟೆಯಲ್ಲ, ಇಪ್ಪತ್ತನಾಲ್ಕು ಗಂಟೆ. ಬೆಳಿಗ್ಗೆ ಹೆಚ್ಚು ಕೊಬ್ಬು ಉರಿಸಿದ ಮೈ ಹಗಲೆಲ್ಲ ಅದರ ಪಾಲನ್ನು ತಗ್ಗಿಸಿ ಸರಿದೂಗಿಸಿಕೊಳ್ಳುತ್ತದೆ. 2014ರಲ್ಲಿ ಅಮೆರಿಕದ ಬ್ರ್ಯಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಇಪ್ಪತ್ತು ಮಂದಿ ಯುವತಿಯರನ್ನು ಎರಡು ಗುಂಪು ಮಾಡಿ, ಎರಡಕ್ಕೂ ತೂಕ ಇಳಿಸುವ ಊಟದ ಕ್ರಮ ಕೊಟ್ಟು, ವಾರಕ್ಕೆ ಮೂರು ದಿನ ಒಂದೊಂದು ಗಂಟೆಯ ವ್ಯಾಯಾಮ ಮಾಡಿಸಿದರು. ಒಂದು ಗುಂಪು ಖಾಲಿ ಹೊಟ್ಟೆಯಲ್ಲಿ, ಇನ್ನೊಂದು ತಿಂದು. ನಾಲ್ಕು ವಾರಗಳ ಕೊನೆಗೆ ಎರಡೂ ಗುಂಪಿನ ತೂಕವೂ ಇಳಿದಿತ್ತು, ಕೊಬ್ಬೂ ಇಳಿದಿತ್ತು, ಎರಡರ ನಡುವೆ ಗಣನೀಯ ವ್ಯತ್ಯಾಸವೇನೂ ಕಾಣಲಿಲ್ಲ. ಚಿಕ್ಕ ಪ್ರಯೋಗ, ನಿಜ. ಆದರೆ ಖಾಲಿ ಹೊಟ್ಟೆಯ ಪಂಥಕ್ಕೆ ಅದು ಹೇಳಿಕೊಳ್ಳುವಷ್ಟು ಮಹಿಮೆ ಇದ್ದಿದ್ದರೆ ಅದರ ನೆರಳಾದರೂ ಅಲ್ಲಿ ಬೀಳಬೇಕಿತ್ತು. ತೂಕದ ಪ್ರಶ್ನೆ ತೀರ್ಮಾನವಾಗುವುದು ಇಡೀ ದಿನ ತಟ್ಟೆಗೆ ಎಷ್ಟು ಬಿತ್ತು, ಮೈ ಎಷ್ಟು ಸವೆಯಿತು ಎಂಬುದರ ಮೇಲೆ. ನಾಲ್ಕೂವರೆಗೆ ತಿಂದ ಒಂದು ಬಾಳೆಹಣ್ಣಿನ ಮೇಲಲ್ಲ.

ತೂಕದ ಮಾತನ್ನು ಇಲ್ಲಿಗೆ ಬಿಟ್ಟು ತಾಳಿಕೆಯ ಮಾತಿಗೆ ಬರೋಣ, ಏಕೆಂದರೆ ದೂರ ಓಡುವವನ ನಿಜವಾದ ಕಷ್ಟ ಅದು. ಅರವತ್ತೈದು ಕಿಲೋ ತೂಕದವನು ಇಪ್ಪತ್ತು ಕಿಲೋಮೀಟರ್ ಓಡಲು ಸುಮಾರು 1,300 ಕಿಲೋಕ್ಯಾಲೊರಿ ಬೇಕು. ಅವನ ಮೈಯಲ್ಲಿ ಹತ್ತು ಕಿಲೋ ಕೊಬ್ಬಿದ್ದರೂ ಅದರಲ್ಲಿ ಎಪ್ಪತ್ತೈದು ಸಾವಿರಕ್ಕೂ ಮೀರಿದ ಕಿಲೋಕ್ಯಾಲೊರಿ ಅಡಗಿರುತ್ತದೆ. ಹಾಗಿದ್ದರೆ ಹದಿನೈದನೇ ಕಿಲೋಮೀಟರಿಗೆ ಅವನ ಕಾಲು ಏಕೆ ಸೀಸವಾಗುತ್ತದೆ? ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ವರ್ಷಗಟ್ಟಲೆ ಕೆಡದ ದೊಡ್ಡ ದಾಸ್ತಾನು. ಆದರೆ ಹೊತ್ತು ಮುಳುಗಿ ನೆಂಟರು ಬಂದು ಕೂತಾಗ ಹಗೇವಿಗೆ ಇಳಿಯಲಾಗದು. ಬಾಯಿ ತೆಗೆಯಬೇಕು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ಆಮೇಲೆ ಇಳಿದು ತೋಡಬೇಕು. ಆ ಹೊತ್ತಿನ ಅಡುಗೆ ನಡೆಯುವುದು ಒಳಮನೆಯ ಮಡಕೆಯಲ್ಲಿ ಮೊದಲೇ ತೆಗೆದಿಟ್ಟ ಹಿಟ್ಟಿನಿಂದ. ಮೈಯ ಕೊಬ್ಬು ಹಗೇವು, ಮೈ ಕೂಡಿಟ್ಟುಕೊಂಡ ಸಕ್ಕರೆಯಾದ ಗ್ಲೈಕೋಜೆನ್ ಮಡಕೆ. ಕೊಬ್ಬು ಎಷ್ಟೇ ಇರಲಿ, ಅದರಿಂದ ನಿಮಿಷಕ್ಕೆ ಇಷ್ಟೇ ಶಕ್ತಿ ಎಂಬ ಮಿತಿಯಿದೆ. ಏರು ಬಂದಾಗ, ವೇಗ ಕೂಡಿದಾಗ, ಮೈ ಕೈಹಾಕುವುದು ಗ್ಲೈಕೋಜೆನ್ನಿಗೆ.

ಆ ಮಡಕೆಯೂ ಒಂದಲ್ಲ, ಎರಡು. ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರಿನಲ್ಲಿ ಸುಮಾರು 100 ಗ್ರಾಂ. ಎರಡೂ ಸೇರಿದರೆ ಎರಡು ಸಾವಿರ ಕಿಲೋಕ್ಯಾಲೊರಿಯ ಆಸುಪಾಸು. ಸ್ನಾಯುವಿನ ಪಾಲು ಸ್ನಾಯುವಿಗೇ ಮೀಸಲು. ಅದನ್ನು ಗ್ಲುಕೋಸ್ ಮಾಡಿ ರಕ್ತಕ್ಕೆ ಬಿಡುವ ಕಿಣ್ವ ಸ್ನಾಯುವಿನಲ್ಲಿಲ್ಲ. ರಕ್ತದ ಸಕ್ಕರೆಯನ್ನು ಕಾಯುವ ಹೊಣೆ ಲಿವರಿನದು. ನಾವು ಮಲಗಿದಾಗಲೂ ಮಿದುಳು ಮಲಗುವುದಿಲ್ಲ. ದಿನಕ್ಕೆ ಸುಮಾರು 120 ಗ್ರಾಂ ಗ್ಲುಕೋಸ್, ಎಂದರೆ ಗಂಟೆಗೆ ಐದು ಗ್ರಾಂ ಅದಕ್ಕೆ ಬೇಕು. ರಾತ್ರಿ ಎಂಟಕ್ಕೆ ಉಂಡು ಬೆಳಗಿನ ಐದಕ್ಕೆ ಎದ್ದವನ ಸ್ನಾಯು ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ, ಲಿವರ್ ಮಾತ್ರ ಬಹುಪಾಲು ಬರಿದಾಗಿರುತ್ತದೆ. ನಸುಕಿನ ತಿನಿಸು ಬೇಕಾಗಿರುವುದು ಇದಕ್ಕೆ. ಅದು ಕಾಲಿಗೆ ಹಾಕುವ ಊಟಕ್ಕಿಂತ ಹೆಚ್ಚಾಗಿ ರಕ್ತದ ಸಕ್ಕರೆಗೆ, ಆ ಮೂಲಕ ತಲೆಗೆ ಕೊಡುವ ಆಸರೆ. ಖಾಲಿ ಹೊಟ್ಟೆಯಲ್ಲಿ ಹೊರಟವನಿಗೆ ಮೊದಲ ಮುಕ್ಕಾಲು ಗಂಟೆ ಏನೂ ಅನ್ನಿಸದು, ಮೈ ಹಗುರ ಅನ್ನಿಸುವುದೂ ಉಂಟು. ಈ ಹಗುರವೇ ಪಂಥದ ದೊಡ್ಡ ಪ್ರಚಾರಕ. ಬೆಲೆ ತೆರಬೇಕಾದದ್ದು ಆಮೇಲೆ.

ಎಲ್ಲಿ ತೆರಬೇಕು ಎಂಬುದನ್ನು ನಮ್ಮ ಹೆದ್ದಾರಿಯೇ ತೋರಿಸುತ್ತದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಸುಮಾರು ಐವತ್ತು ಕಿಲೋಮೀಟರ್ ಆಚೆಗಿನ ಕೃಷ್ಣಗಿರಿ ಅದಕ್ಕಿಂತ ಸುಮಾರು 400 ಮೀಟರ್ ತಗ್ಗಿನಲ್ಲಿ. ಭಾನುವಾರ ಬೆಳಿಗ್ಗೆ ಬರೀ ನೀರು ಕುಡಿದು ಹೊರಟ ಸೈಕಲಿನವನಿಗೆ ಶೂಲಗಿರಿ ದಾಟಿ ಕೃಷ್ಣಗಿರಿ ಮುಟ್ಟುವವರೆಗೆ ಇಳಿಜಾರು, ತಂಪು ಗಾಳಿ, ಹುಮ್ಮಸ್ಸು. ಉಪವಾಸ ಫಲ ಕೊಟ್ಟಿತು ಎಂದು ಅವನಿಗೆ ಖಾತ್ರಿಯಾಗುವುದು ಅಲ್ಲೇ. ವಾಪಸು ತಿರುಗಿದಾಗ ಬಿಸಿಲೇರಿರುತ್ತದೆ, ರಸ್ತೆಯೂ ಏರಿರುತ್ತದೆ. ಲಿವರ್ ರಾತ್ರಿಯೇ ಬರಿದಾಗಿತ್ತು, ಸ್ನಾಯು ಈಗ ಬರಿದಾಗುತ್ತಿದೆ. ಮೇಲುಮಲೈ ಏರಿನಲ್ಲಿ ಕೈ ನಡುಗುವುದು, ತಣ್ಣನೆ ಬೆವರು, ಕಾರಣವಿಲ್ಲದ ಸಿಟ್ಟು, ಹಿಂದೆ ಬರುವ ಲಾರಿಯ ಹಾರನ್ನು ತಡವಾಗಿ ತಲೆಗೆ ಹೋಗುವುದು. ಇದನ್ನು "ಬಿಸಿಲು ಜಾಸ್ತಿ ಆಯ್ತು" ಎಂದೋ "ಇನ್ನೂ ಪ್ರಾಕ್ಟೀಸ್ ಸಾಲದು" ಎಂದೋ ಹೇಳಿ ಮುಗಿಸುತ್ತಾರೆ. ಹಸಿವಿನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಹೆದ್ದಾರಿಯಲ್ಲಿ ತಲೆ ಮಂಕಾದವನು ಬರೀ ನಿಧಾನ ಆಗುವುದಿಲ್ಲ, ಅಪಾಯಕ್ಕೂ ಹತ್ತಿರವಾಗುತ್ತಾನೆ.

ಇದೇನು ನಿನ್ನೆ ಮೊನ್ನೆಯ ತಿಳಿವಳಿಕೆಯಲ್ಲ. ನೂರು ವರ್ಷ ದಾಟಿದೆ. 1924ರ ಬೋಸ್ಟನ್ ಮ್ಯಾರಥಾನಿನ ಕೊನೆಯಲ್ಲಿ ಸ್ಯಾಮ್ಯುಯೆಲ್ ಲೆವಿನ್ ಮತ್ತು ಅವರ ಜೊತೆಗಾರ ವೈದ್ಯರು ಓಟಗಾರರ ರಕ್ತ ತೆಗೆದು ನೋಡಿದರು. ಹಲವರ ಸಕ್ಕರೆ ಪಾತಾಳಕ್ಕಿಳಿದಿತ್ತು. ಮುಖ ಬಿಳಿಚಿ, ಮಾತು ತಡವರಿಸಿ, ಕುಸಿಯುವ ಸ್ಥಿತಿಯಲ್ಲಿದ್ದವರೇ ಸಕ್ಕರೆ ಅತಿ ಕಡಿಮೆ ಇದ್ದವರು. ಮರುವರ್ಷ, 1925ರಲ್ಲಿ, ಕೆಲವು ಓಟಗಾರರಿಗೆ ಮುಂಚಿತವಾಗಿ ಕಾರ್ಬೋಹೈಡ್ರೇಟ್ ಹೆಚ್ಚಿರುವ ಊಟ ಮಾಡಲು ಹೇಳಿ, ಓಟದ ನಡುವೆ ಮಿಠಾಯಿ ಕೊಟ್ಟರು. ಆ ಸಲ ಅವರ ಸಕ್ಕರೆಯೂ ನಿಂತಿತು, ಅವರೂ ನಿಂತರು. ಇದಕ್ಕೆ ಬೇಕಾದದ್ದು ದುಬಾರಿ ಪುಡಿಯಲ್ಲ, ಪೆಟ್ಟಿಗೆ ಅಂಗಡಿಯ ಮಿಠಾಯಿ.

ನಲವತ್ತು ವರ್ಷಗಳ ಮೇಲೆ ಸ್ವೀಡನ್ನಿನ ಜೋನಸ್ ಬರ್ಗ್‌ಸ್ಟ್ರಾಮ್ ಮತ್ತು ಎರಿಕ್ ಹಲ್ಟ್‌ಮನ್ ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡಿದರು. ಒಂದೇ ಸೈಕಲಿನ ಎರಡೂ ಬದಿಗೆ ಇಬ್ಬರೂ ನಿಂತು, ಒಬ್ಬೊಬ್ಬರು ಒಂದೊಂದೇ ಕಾಲಿನಿಂದ ದಣಿಯುವವರೆಗೂ ತುಳಿದರು. ಆಮೇಲೆ ಮೂರು ದಿನ ಕಾರ್ಬೋಹೈಡ್ರೇಟ್ ಉಂಡು, ಸೂಜಿ ಚುಚ್ಚಿ ಎರಡೂ ತೊಡೆಯ ಚೂರು ತೆಗೆದು ನೋಡಿದರು. ದಣಿದ ಕಾಲು ದಣಿಯದ ಕಾಲಿಗಿಂತ ಸುಮಾರು ಎರಡು ಪಟ್ಟು ಗ್ಲೈಕೋಜೆನ್ ತುಂಬಿಕೊಂಡಿತ್ತು. 1966ರಲ್ಲಿ ಇದು ಪ್ರಕಟವಾಯಿತು. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ ಒಂದೇ ತೀವ್ರತೆಯಲ್ಲಿ ಎಷ್ಟು ಹೊತ್ತು ಸೈಕಲ್ ತುಳಿಯಬಲ್ಲರು ಎಂದು ಅಳೆದರು. ಮೂರು ದಿನ ಕಾರ್ಬೋಹೈಡ್ರೇಟ್ ಬಿಟ್ಟು ಕೊಬ್ಬು, ಪ್ರೊಟೀನು ತಿಂದವರು ಸರಾಸರಿ 57 ನಿಮಿಷಕ್ಕೆ ಕೈಚೆಲ್ಲಿದರು, ಸಾಮಾನ್ಯ ಊಟದವರು 114 ನಿಮಿಷ ತಾಳಿದರು, ಕಾರ್ಬೋಹೈಡ್ರೇಟ್ ಹೆಚ್ಚಾಗಿ ಉಂಡವರು 167 ನಿಮಿಷ. ಅವೇ ಕಾಲು, ಅದೇ ಸೈಕಲ್. ಬೇರೆಯಾಗಿದ್ದದ್ದು ತಟ್ಟೆ ಮಾತ್ರ. ರಾತ್ರಿ ಅನ್ನ ಮುಟ್ಟದೆ ಎರಡು ಚಪಾತಿಯಲ್ಲಿ ಮುಗಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ಓಡಿ, "ಏಕೋ ವೇಗವೇ ಕೂಡುತ್ತಿಲ್ಲ" ಎಂದು ಕೊರಗುವವರು ಈ ಮೂರು ಅಂಕಿಗಳನ್ನು ಶೂ ಕಪಾಟಿನ ಮೇಲೆ ಬರೆದು ಅಂಟಿಸಿಕೊಳ್ಳಬೇಕು.

ಪಂಥದ ಓದಿದವರು ಇಲ್ಲಿ ಒಂದು ಗಟ್ಟಿ ಎದುರುವಾದ ತೆಗೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ ತರಬೇತಿ ಮಾಡಿದರೆ ಸ್ನಾಯುಗಳು ಕೊಬ್ಬನ್ನು ಬಳಸುವುದನ್ನು ಕಲಿಯುತ್ತವೆ, ದೊಡ್ಡ ದೊಡ್ಡ ಕ್ರೀಡಾಪಟುಗಳೇ ಹಾಗೆ ಮಾಡುತ್ತಾರೆ ಎಂದು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗ ಅವರ ಕೈಯಲ್ಲಿದೆ. ಆರು ವಾರ ಉಪವಾಸದಲ್ಲಿ ಸೈಕಲ್ ತುಳಿದ ಯುವಕರ ಸ್ನಾಯುಗಳಲ್ಲಿ ಇಂಧನ ಉರಿಸುವ ಕಿಣ್ವಗಳು ಹೆಚ್ಚಿದ್ದವು. ನಿಜ. ಆದರೆ ಅದೇ ವರದಿಯಲ್ಲಿ ಮುಂದೆ ಓದಬೇಕು: ಗಡಿಯಾರದ ಎದುರಿನ ಪಂದ್ಯದಲ್ಲಿ ತಿಂದ ಗುಂಪೂ ತಿನ್ನದ ಗುಂಪೂ ಸರಿಸಮವಾಗಿ ಸುಧಾರಿಸಿದವು. ಕಿಣ್ವಕ್ಕೆ ಪದಕ ಕೊಡುವ ಪಂದ್ಯ ಎಲ್ಲೂ ಇಲ್ಲ. ವೃತ್ತಿಪರರು ಹಾಗೆ ಮಾಡುವುದೂ ಹೌದು, ಆದರೆ ವಾರದ ಒಂದೆರಡು ಹಗುರ ದಿನಗಳಲ್ಲಿ, ತರಬೇತುದಾರರ ಕಣ್ಣೆದುರು, ಮಿಕ್ಕ ದಿನಗಳಲ್ಲಿ ಹೊಟ್ಟೆ ತುಂಬ ಉಂಡು. ನಮ್ಮವರು ಆ ಒಂದು ದಿನದ ಕ್ರಮವನ್ನು ಏಳು ದಿನಕ್ಕೆ ಹಿಗ್ಗಿಸಿ, ಉಣ್ಣುವ ಭಾಗವನ್ನು ಬಿಟ್ಟುಬಿಟ್ಟಿದ್ದಾರೆ.

ಕೆನ್ಯಾದವರ ಹೆಸರೂ ಬರುತ್ತದೆ. ಅವರು ನಸುಕಿನಲ್ಲಿ ಏನೂ ತಿನ್ನದೆ ಓಡುತ್ತಾರಂತೆ. ಓಡುತ್ತಾರೆ. ಆದರೆ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಅಗ್ರ ಓಟಗಾರರ ಊಟ ಅಳೆದಾಗ ಅವರ ಕ್ಯಾಲೊರಿಯ ಮುಕ್ಕಾಲು ಪಾಲು ಕಾರ್ಬೋಹೈಡ್ರೇಟಿನಿಂದ ಬರುತ್ತಿತ್ತು: ಮೆಕ್ಕೆಜೋಳದ ಹಿಟ್ಟನ್ನು ಮುದ್ದೆಯಂತೆ ತೊಳಸಿದ ಉಗಾಲಿ, ಅನ್ನ, ಬ್ರೆಡ್ಡು, ಹಾಲು ಸಕ್ಕರೆ ಸುರಿದ ಚಹಾ. ಅವರ ನಸುಕಿನ ಖಾಲಿ ಹೊಟ್ಟೆಯನ್ನು ಮಾತ್ರ ಅನುಕರಿಸಿ ಅವರ ರಾತ್ರಿಯ ತಟ್ಟೆಯನ್ನು ಬಿಟ್ಟರೆ ಸಿಗುವುದು ಅವರ ವೇಗವಲ್ಲ, ನಮ್ಮ ಸುಸ್ತು.

ಹಾಗಾದರೆ ಗೆರೆ ಎಲ್ಲಿ? 2018ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ಈ ಗೆರೆ ಎಳೆದಿದೆ. ಒಂದು ಗಂಟೆ ಮೀರುವ ಶ್ರಮದಲ್ಲಿ ಮೊದಲೇ ತಿಂದವರ ಸಾಮರ್ಥ್ಯ ಹೆಚ್ಚು, ಅದಕ್ಕಿಂತ ಕಡಿಮೆ ಹೊತ್ತಿನದರಲ್ಲಿ ವ್ಯತ್ಯಾಸವಿಲ್ಲ. ನನ್ನ ವಾದವೂ ಈ ಗೆರೆಯ ಆಚೆಗಿನದೇ. ರಾಮನಾಯಕನ ಕೆರೆಯ ಸುತ್ತ ನಲವತ್ತು ನಿಮಿಷ ನಡೆಯುವ ನಿವೃತ್ತ ಮೇಷ್ಟ್ರು ಖಾಲಿ ಹೊಟ್ಟೆಯಲ್ಲೇ ನಡೆಯಲಿ, ಯಾರ ಅಡ್ಡಿಯೂ ಇಲ್ಲ. ತಮಿಳುನಾಡು ಪೊಲೀಸ್ ಆಯ್ಕೆಯಲ್ಲಿ ಗಂಡುಮಕ್ಕಳು 1500 ಮೀಟರನ್ನು 7 ನಿಮಿಷದೊಳಗೆ ಓಡಬೇಕು. ಆ ಏಳು ನಿಮಿಷಕ್ಕೆಂದೇ ಯಾರೂ ತಿಂಡಿ ಕಟ್ಟಬೇಕಾಗಿಲ್ಲ. ಆದರೆ ಆ ಏಳು ನಿಮಿಷಕ್ಕಾಗಿ ದಿನಾ ಎರಡು ಗಂಟೆ ಓಟ, ಹಗ್ಗ, ಜಿಗಿತ ಅಂತ ಮೈದಾನದಲ್ಲಿ ಬೀಳುವ ಹುಡುಗನಿಗೆ ಬೇಕು.

ಸಣ್ಣಪುಟ್ಟ ಆಕ್ಷೇಪಗಳನ್ನು ಬೇಗ ಮುಗಿಸೋಣ. ಓಡುವ ಮುಂಚೆ ಸಿಹಿ ತಿಂದರೆ ಇನ್ಸುಲಿನ್ ಏರಿ ಸಕ್ಕರೆ ದಿಢೀರನೆ ಕುಸಿಯುತ್ತದೆ ಎಂಬ ಹೆದರಿಕೆ 1979ರ ಒಂದು ಅಧ್ಯಯನದಿಂದ ಹುಟ್ಟಿದ್ದು. ಆಮೇಲೆ ನಡೆದ ಬಹುಪಾಲು ಪ್ರಯೋಗಗಳಲ್ಲಿ ಆ ಇಳಿತ ಬಂದರೂ ಕೆಲವೇ ನಿಮಿಷದಲ್ಲಿ ಸರಿಹೋಯಿತು, ಸಾಮರ್ಥ್ಯಕ್ಕೆ ಪೆಟ್ಟು ಬೀಳಲಿಲ್ಲ. ಕೆಲವರಿಗೆ ಮಾತ್ರ ತಲೆ ಸುತ್ತುತ್ತದೆ. ಅವರು ಹೊರಡಲು ಐದು ಹತ್ತು ನಿಮಿಷ ಇರುವಾಗ ತಿಂದರೆ ಆಯಿತು. ಯೋಗ ಖಾಲಿ ಹೊಟ್ಟೆಯಲ್ಲಿ ಅಲ್ಲವೇ ಎಂಬುದು ಇನ್ನೊಂದು. ಹೌದು, ಹೊಟ್ಟೆ ಹಿಂಡುವ ಆಸನಕ್ಕೆ ಹೊಟ್ಟೆ ಖಾಲಿ ಇರಬೇಕು. ಇಪ್ಪತ್ತೊಂದು ಕಿಲೋಮೀಟರ್ ಓಟ ಆಸನವಲ್ಲ. ಬಿಸಿನೀರಿಗೆ ನಿಂಬೆ, ಜೇನು ಹಾಕಿ ಕುಡಿದು "ನಾನು ಏನೂ ತಿಂದಿಲ್ಲ" ಎನ್ನುವವರಿಗೆ ಒಂದು ಮಾಹಿತಿ: ಒಂದು ಚಮಚ ಜೇನಿನಲ್ಲಿ ಐದಾರು ಗ್ರಾಂ ಸಕ್ಕರೆ ಇದೆ. ಉಪವಾಸವೂ ಮುರಿಯಿತು, ಉಪಯೋಗವೂ ಆಗಲಿಲ್ಲ. ಬರೀ ಡಿಕಾಕ್ಷನ್ ಕುಡಿದರೆ ಕೆಫೀನ್ ದಣಿವನ್ನು ಮರೆಸುತ್ತದೆ, ಇಂಧನ ತುಂಬುವುದಿಲ್ಲ. ಅದಕ್ಕೆ ತುಪ್ಪ ಹಾಕಿ ಕುಡಿಯುವ ಹೊಸ ಚಾಳಿಯಂತೂ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನ ಮಾಡುತ್ತದೆ, ಕೊಬ್ಬು ಈಗಾಗಲೇ ಬೇಕಾದಷ್ಟಿರುವ ಮೈಗೆ ಇನ್ನಷ್ಟು ಕೊಬ್ಬು ಕೊಡುತ್ತದೆ.

ಒಂದು ಆಕ್ಷೇಪವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. "ತಿಂದು ಓಡಿದರೆ ಹೊಟ್ಟೆ ತೊಳಸುತ್ತದೆ, ದಾರಿಯಲ್ಲಿ ಕಕ್ಕಸಿಗೆ ಎಲ್ಲಿ ಹೋಗಲಿ?" ಎನ್ನುತ್ತಾರಲ್ಲ, ಅದು ನ್ಯಾಯವಾದ ಮಾತು, ಅದರಲ್ಲೂ ಹೆಣ್ಣುಮಕ್ಕಳ ಬಾಯಲ್ಲಿ. ಆದರೆ ಇದಕ್ಕೆ ಉತ್ತರ ಉಪವಾಸವಲ್ಲ, ಆಯ್ಕೆ. ನಾರು, ಎಣ್ಣೆ, ಖಾರ ಕಡಿಮೆ ಇರುವುದನ್ನು, ಸ್ವಲ್ಪದರಿಂದ ಶುರುಮಾಡಿ ವಾರ ವಾರ ಹೆಚ್ಚಿಸಿಕೊಂಡು ಹೋದರೆ ಕರುಳೂ ಕಾಲಿನಂತೆಯೇ ಪಳಗುತ್ತದೆ. ಪಳಗಿಸದೆ ಪಂದ್ಯದ ದಿನ ಮೊದಲ ಸಲ ತಿಂದವರಿಗೇ ಹೊಟ್ಟೆ ಕೈಕೊಡುವುದು.

ಇನ್ನು ಈ ಪಂಥದ ಬೆಲೆಯನ್ನು ಯಾರು ತೆರುತ್ತಾರೆ ಎಂದು ನೋಡೋಣ. ಮಾತು ಹೊರಡುವುದು ಸಾಮಾನ್ಯವಾಗಿ ನಲವತ್ತು ದಾಟಿದ, ಕುರ್ಚಿಯ ಕೆಲಸದ, ಹೊಟ್ಟೆ ಬಂದ ಗಂಡಸರಿಂದ. ಅವರು ಹಾಗೆ ಓಡಿ ಮನೆಗೆ ಬಂದು ಆರು ಇಡ್ಲಿ, ಎರಡು ವಡೆ ತಿನ್ನಬಲ್ಲರು. ಆ ಮಾತನ್ನು ಕೇಳಿ ಪಾಲಿಸುವವಳು ಬೇರೆ. ತಮಿಳುನಾಡಿನಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನಾಲ್ಕಕ್ಕೆ ಎದ್ದು ಮಕ್ಕಳ ಡಬ್ಬಿಗೆ ಅನ್ನ ಮಾಡಿಟ್ಟು, ಹೊಟ್ಟೆಗೆ ಏನೂ ಹಾಕದೆ ಒಂದೂವರೆ ಗಂಟೆ ಓಡಿ, ಬಂದ ಮೇಲೆ ಕಾರ್ಖಾನೆಯ ಬಸ್ಸು ಹಿಡಿಯುವ ಆತುರದಲ್ಲಿ ಒಂದು ಲೋಟ ಟೀ ಕುಡಿದು ಹೊರಡುವವಳಿಗೆ ಉಪವಾಸ ಬೆಳಗಿಗೆ ಮಾತ್ರ ನಿಲ್ಲುವುದಿಲ್ಲ, ಮಧ್ಯಾಹ್ನದವರೆಗೂ ಎಳೆಯುತ್ತದೆ. ದುಡಿಮೆಗೆ ತಕ್ಕ ಊಟ ಸಿಗದ ಮೈ ಮೊದಲು ಮುಟ್ಟನ್ನು ತಪ್ಪಿಸುತ್ತದೆ, ಆಮೇಲೆ ಮೂಳೆಯನ್ನು ತೆಳ್ಳಗಾಗಿಸುತ್ತದೆ, ಕೊನೆಗೆ ಕಾಲಿನ ಮೂಳೆಯಲ್ಲಿ ಕೂದಲೆಳೆಯ ಬಿರುಕು ಕಾಣಿಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಕೊರತೆಗೆ ಹೆಸರು ಕೊಟ್ಟು ಎಚ್ಚರಿಸಿದೆ, ಗಂಡಸರಿಗೂ ಇದು ತಪ್ಪಿದ್ದಲ್ಲ ಎಂದೂ ಸೇರಿಸಿದೆ.

ಸಕ್ಕರೆ ಕಾಯಿಲೆಯವರ ವಿಷಯ ಇನ್ನೂ ಸೂಕ್ಷ್ಮ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ದೂರ ಓಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರಿಗೆ ಗುಂಪಿನ ಹಿರಿಯರ ಮಾತು ಪ್ರಮಾಣವಲ್ಲ, ನನ್ನ ಈ ಲೇಖನವೂ ಅಲ್ಲ. ಡಾಕ್ಟರನ್ನು ಕೇಳಿಯೇ ಹೊರಡಬೇಕು, ಜೇಬಿನಲ್ಲಿ ಸಕ್ಕರೆಯೋ ಗ್ಲುಕೋಸೋ ಇಟ್ಟುಕೊಂಡೇ ಓಡಬೇಕು.

ಉಪವಾಸವನ್ನು ನಿಜವಾಗಿ ಬಲ್ಲವರು ಬೇರೆ ಇದ್ದಾರೆ. ರಂಜಾನ್ ತಿಂಗಳಲ್ಲಿ ಹಗಲೆಲ್ಲ ನೀರೂ ಮುಟ್ಟದೆ ದುಡಿಯುವವರು ಕೃಷ್ಣಗಿರಿಯಲ್ಲಿ ಬೆಳಕು ಹರಿಯುವ ಮುಂಚೆ ಎದ್ದು ಸಹರಿ ಉಣ್ಣುತ್ತಾರೆ. ಮುಂದೆ ದಣಿವಿದೆ ಎಂದು ಗೊತ್ತಿರುವವರು ಮೊದಲು ಉಣ್ಣುತ್ತಾರೆ. ನೇಗಿಲು ಹೂಡಲು ಹೊರಟ ನಮ್ಮ ಹಿರಿಯರೂ ಅಷ್ಟೇ. ರಾತ್ರಿಯ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದೇ ಹೊಲಕ್ಕೆ ಇಳಿಯುತ್ತಿದ್ದರು. ಕೊಬ್ಬು ಕರಗಿಸುವುದು ಅವರ ಚಿಂತೆಯಾಗಿರಲಿಲ್ಲ. ಹನ್ನೊಂದು ಗಂಟೆಯವರೆಗೆ ಕೈ ಸೋಲಬಾರದು ಎಂಬುದಷ್ಟೇ ಚಿಂತೆ. ದೂರ ಓಡುವವನ ಚಿಂತೆಯೂ ಅದೇ.

ಹಾಗೆಂದು ನಾಳೆಯಿಂದ ನಾಲ್ಕೂವರೆಗೆ ಮುದ್ದೆ ನುಂಗಿ ಎಂದು ನಾನು ಹೇಳುತ್ತಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ರಾಗಿ ಎಲ್ಲಕ್ಕೂ ಮದ್ದು ಎನ್ನುವ ಇನ್ನೊಂದು ಪಂಥ ಹುಟ್ಟಿಕೊಂಡಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟು, 364 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ಹೌದು. ಜೊತೆಗೆ 11 ಗ್ರಾಂ ನಾರೂ ಇದೆ. ಓಡುವ ಮುಂಚಿನ ಮುಕ್ಕಾಲು ಗಂಟೆಯಲ್ಲಿ ಆ ನಾರು ಹೊಟ್ಟೆಯಲ್ಲೇ ಕೂತಿರುತ್ತದೆ. ಮುದ್ದೆ ರಾತ್ರಿಯ ಊಟ. ಸ್ನಾಯುವಿನ ಮಡಕೆ ತುಂಬುವುದು ರಾತ್ರಿ: ಒಂದು ಮುದ್ದೆ, ಸಾರು, ಮೇಲಿಷ್ಟು ಅನ್ನ. ಬೆಳಿಗ್ಗೆಗೆ ರಾಗಿಯ ಬೇರೆ ರೂಪಗಳಿವೆ. ಮೊಳಕೆ ಕಟ್ಟಿದ ರಾಗಿಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟುತ್ತದೆ. ಅದರ ಹಿಟ್ಟಿನ ಗಂಜಿ ಅಂಟಿನಂತೆ ಗಟ್ಟಿಯಾಗದೆ ತೆಳ್ಳಗೆ ಇಳಿಯುತ್ತದೆ, ಲೋಟದಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಇದನ್ನು ಮಕ್ಕಳ ಆಹಾರಕ್ಕಾಗಿ ಅಧ್ಯಯನ ಮಾಡಿತ್ತು. ಕೂಸಿಗೆ ರಾಗಿ ಸರಿ ಮಾಡುವಾಗ ಬಟ್ಟೆಯಲ್ಲಿ ಸೋಸಿ ಹೊಟ್ಟು ತೆಗೆಯುವ ಅಜ್ಜಿಗೆ ನಾರಿನ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಲೆ ಹಚ್ಚಲು ಹೊತ್ತಿಲ್ಲದವರಿಗೆ ಹುರಿಹಿಟ್ಟು ಇದೆ. ರಾಗಿಯನ್ನು ಅರಳಿಸಿ ಬೀಸಿದ ಆ ಹಿಟ್ಟನ್ನು ಬೆಲ್ಲದ ನೀರಿಗೆ ಕಲಸಿದರೆ ಮುಗಿಯಿತು.

ಎಷ್ಟು ತಿನ್ನಬೇಕು? ಕ್ರೀಡಾ ವೈದ್ಯರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಒಂದರಿಂದ ನಾಲ್ಕು ಗಂಟೆ ಮುಂಚೆ, ದೇಹದ ತೂಕದ ಪ್ರತಿ ಕಿಲೋಗೆ ಒಂದರಿಂದ ನಾಲ್ಕು ಗ್ರಾಂ ಕಾರ್ಬೋಹೈಡ್ರೇಟು. ನಸುಕಿನಲ್ಲಿ ಏಳುವವರಿಗೆ ಕೆಳಗಿನ ಅಂಚೇ ಸಾಕು: ಒಂದು ಗಂಟೆ ಮುಂಚೆ, ಕಿಲೋಗೆ ಒಂದು ಗ್ರಾಂ. ಅರವತ್ತು ಕಿಲೋ ತೂಕದವರಿಗೆ ಅರವತ್ತು ಗ್ರಾಂ. ನಲವತ್ತು ಗ್ರಾಂ ಹುರಿಹಿಟ್ಟು, ಇಪ್ಪತ್ತು ಗ್ರಾಂ ಬೆಲ್ಲ, ಮೇಲೊಂದು ಏಲಕ್ಕಿ ಬಾಳೆ. ಹೆಚ್ಚುಕಡಿಮೆ ಲೆಕ್ಕ ಸರಿಹೋಯಿತು. ರಾಗಿ ಒಗ್ಗದಿದ್ದರೆ ಮೂರು ನಾಲ್ಕು ಇಡ್ಲಿಗೆ ಸಕ್ಕರೆ ಅದ್ದಿಕೊಂಡರೆ ಆಯಿತು. ಅದೂ ಇಲ್ಲದಿದ್ದರೆ ಬಸ್ ಸ್ಟ್ಯಾಂಡಿನ ಸಕ್ಕರೆ ಟೀ ಮತ್ತು ಬನ್ನು. ಅರ್ಧ ಗಂಟೆ ಮಾತ್ರ ಕೈಯಲ್ಲಿದ್ದರೆ ಎರಡು ಬಾಳೆಹಣ್ಣು. ಎರಡು ಗಂಟೆ ಮೀರುವ ದಾರಿಯಾದರೆ ಜೇಬಿನಲ್ಲಿ ಖರ್ಜೂರ, ಸೀಸೆಯಲ್ಲಿ ಉಪ್ಪು ಬೆರೆಸಿದ ಬೆಲ್ಲದ ಪಾನಕ, ಗಂಟೆಗೆ ಮೂವತ್ತರಿಂದ ಅರವತ್ತು ಗ್ರಾಂ ಲೆಕ್ಕದಲ್ಲಿ. ಮಾವಿನ ತಿರುಳನ್ನು ಹಡಗಿಗೆ ತುಂಬಿ ಕಳಿಸುವ ಜಿಲ್ಲೆಯವರು, ಚೀಟಿಯ ಮೇಲೆ ಪರದೇಶದ ಹೆಸರಿರುವ ಸಕ್ಕರೆ ಲೋಳೆಯ ಪೊಟ್ಟಣಕ್ಕೆ ನೂರಾರು ರೂಪಾಯಿ ಕೊಟ್ಟು, ಅದನ್ನು ಕೊಳ್ಳಲಾಗದವರಿಗೆ ಉಪವಾಸ ಬೋಧಿಸುವುದು ವಿಚಿತ್ರ. ತಿನ್ನುವುದು ದುಡ್ಡಿದ್ದವರ ಶೋಕಿ ಎಂಬ ಭಾವನೆ ಹುಟ್ಟಿದ್ದರಲ್ಲಿ ಆ ಪೊಟ್ಟಣಗಳ ಪಾಲೂ ಇದೆ. ಬಾಳೆಹಣ್ಣು, ಬೆಲ್ಲ ಮಾಡುವ ಕೆಲಸಕ್ಕೆ ಪೊಟ್ಟಣ ಬೇಕಾಗಿಲ್ಲ.

ನನ್ನ ಮಾತನ್ನೂ ನಂಬಬೇಡಿ, ಪರೀಕ್ಷಿಸಿ. ಒಂದು ಭಾನುವಾರ ಖಾಲಿ ಹೊಟ್ಟೆಯಲ್ಲಿ, ಮುಂದಿನ ಭಾನುವಾರ ತಿಂದು. ಅದೇ ದಾರಿ, ಅದೇ ಹೊತ್ತು, ಹಿಂದಿನ ರಾತ್ರಿಯ ಊಟವೂ ಅದೇ. ಮೊದಲ ಐದು ಕಿಲೋಮೀಟರಿನ ಸಮಯ ನೋಡಲೇಬೇಡಿ, ಕೊನೆಯ ಐದರದ್ದು ಮಾತ್ರ ಬರೆದಿಡಿ. ಜೊತೆಗೆ ಆ ಮಧ್ಯಾಹ್ನ ಕೆಲಸದಲ್ಲಿ ಎಷ್ಟು ಸಲ ತೂಕಡಿಸಿದಿರಿ, ಮನೆಯವರ ಮೇಲೆ ಎಷ್ಟು ಸಲ ರೇಗಿದಿರಿ ಎಂಬುದನ್ನೂ ಬರೆಯಿರಿ. ಅಂಕಿಗಳು ನನ್ನ ಕಡೆ ಬಾರದಿದ್ದರೆ ಖಾಲಿ ಹೊಟ್ಟೆಯಲ್ಲೇ ಓಡಿ, ಆದರೆ ನಿಮ್ಮೊಬ್ಬರ ಮಟ್ಟಿಗೆ. ಪಕ್ಕದಲ್ಲಿ ಬಾಳೆಹಣ್ಣು ಸುಲಿಯುತ್ತಿರುವ ಹುಡುಗನನ್ನು ಸುಮ್ಮನೆ ತಿನ್ನಲು ಬಿಡಿ. ಅವನು ಹತ್ತು ಗಂಟೆಗೆ ಮೆಷೀನಿನ ಮುಂದೆ ನಿಲ್ಲಬೇಕಾದವನು.